ಬನ್ನಕ್ಕ ಕಂಡ ಗೋಲು

ಎಲ್ಲದಕ್ಕೂ ಕಾರಣ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಂಗೈಯಗಲದ ಒಂದು ಚೀಟಿ. ಮುಂದಿನ ಸೀಸನ್ನಿನಿಂದ ತಿಂಡಿಯೆಲ್ಲ ಊರಾಚೆಯ ದೊಡ್ಡ ಅಡುಗೆಮನೆಯಲ್ಲಿ ತಯಾರಾಗಿ ಪೊಟ್ಟಣದಲ್ಲಿ ಬರುತ್ತದೆ, ಕ್ರೀಡಾಂಗಣದ ಗ್ಯಾಲರಿಯ ಕೆಳಗಿನ ಈ ಅಡುಗೆಮನೆಗೆ ಇವತ್ತಿನ ಫುಟ್‌ಬಾಲ್ ಫೈನಲ್ ಪಂದ್ಯವೇ ಕೊನೆ, ಸೋಮವಾರದಿಂದ ಎಲ್ಲರೂ ಅಲ್ಲಿಗೇ ಬರತಕ್ಕದ್ದು ಎಂದು ಬರೆದು ಸೂಪರ್‌ವೈಸರ್ ಸಹಿ ಹಾಕಿದ್ದರು.

ಉಳಿದವರು ಅಲ್ಲಿಗೆ ಯಾವ ಬಸ್ಸು ಹೋಗುತ್ತದೆ ಎಂದು ಮಾತಿಗೆ ಕೂತರು. ಬನ್ನಕ್ಕ ಮಾತ್ರ ಚಾಕು ಕೆಳಗಿಟ್ಟು, "ಹಾಗಾದ್ರೆ ಒಂದು ಗೋಲೂ ನೋಡ್ದೆ ಹೋಗ್ತೀನಿ ನಾನು" ಅಂದುಬಿಟ್ಟಳು.

ಹಾಗೆ ಬಾಯಿಬಿಟ್ಟು ಹೇಳಬಾರದಿತ್ತು. ಆ ಅಡುಗೆಮನೆಯಲ್ಲಿ ಒಂದು ಮಾತು ಬಿದ್ದರೆ ಕಲಕಲು ಆರು ಸೌಟು ಬರುತ್ತಿದ್ದವು.

ಹನ್ನೊಂದು ವರ್ಷದಿಂದ ಅವಳ ಕೆಲಸ ಬನ್ನನ್ನು ಅಡ್ಡ ಕತ್ತರಿಸಿ, ಬೆಣ್ಣೆ ಸವರಿ ಮುಚ್ಚುವುದು. ಹೆಸರೂ ಹಾಗೇ ಅಂಟಿತ್ತು. ಚಿಕ್ಕವಳಿದ್ದಾಗ ಅಪ್ಪ ಅಣ್ಣಂದಿರಿಬ್ಬರನ್ನು ಪಂದ್ಯಕ್ಕೆ ಕರೆದೊಯ್ಯುತ್ತಿದ್ದ. ಇವಳು ಬುತ್ತಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಮುಂದಿನ ಸಲ ನಿನ್ನನ್ನೂ" ಅನ್ನುತ್ತಿದ್ದ ಅಪ್ಪ. ಆ ಮುಂದಿನ ಸಲ ಬರುವ ಮೊದಲೇ ಅಪ್ಪನೇ ಹೋಗಿಬಿಟ್ಟ. ಕ್ರೀಡಾಂಗಣದಲ್ಲಿ ಕೆಲಸ ಸಿಕ್ಕಾಗ, ಸೇರುವ ಹಿಂದಿನ ರಾತ್ರಿ ಅವಳು ನಿದ್ದೆ ಮಾಡಿರಲಿಲ್ಲ. ಕೊನೆಗೆ ಆದದ್ದೇನು, ಮದುವೆಗೆ ಹೋಗಿ ಹಿತ್ತಲಲ್ಲಿ ಪಾತ್ರೆ ತೊಳೆದು ಬಂದ ಹಾಗೆ. ತಲೆಯ ಮೇಲೆ ಮೂವತ್ತು ಸಾವಿರ ಜನ, ಅವಳ ಕಣ್ಣೆದುರು ಬಿಳಿ ಟೈಲ್ಸಿನ ಗೋಡೆ.

"ಹನ್ನೊಂದು ವರ್ಷ ಬಾಯಲ್ಲಿ ಬನ್ನು ಇಟ್ಕೊಂಡಿದ್ಯಾ? ಮೊದ್ಲೇ ಹೇಳ್ಬಾರ್ದಾ?" ಎಂದು ಗದರಿದ್ದು ಕಾಫಿಯತ್ತೆ. ಕಾಫಿ ಡ್ರಮ್ಮಿನ ಒಡತಿ, ಅಲ್ಲಿ ಎಲ್ಲರಿಗಿಂತ ಹಿರಿಯಳು. ಆಲೂಗಡ್ಡೆ ಕರಿಯುವ ಎಣ್ಣೆಯಣ್ಣ ಜಾಲರಿ ಸೌಟು ಎತ್ತಿ ಹಿಡಿದು, ಇವತ್ತು ಅಕ್ಕನಿಗೆ ಗೋಲು ತೋರಿಸದೆ ತಾನು ಒಲೆ ಆರಿಸುವುದಿಲ್ಲ ಎಂದು ಶಪಥ ಮಾಡಿದ. ಶಪಥದ ಜೊತೆ ಬನ್ನಕ್ಕನ ಕುತ್ತಿಗೆಗೆ ಎರಡು ಹನಿ ಎಣ್ಣೆಯೂ ಬಿತ್ತು.

ತೊಡಕು ಒಂದೇ. ಅಡುಗೆಮನೆಯವರು ಕೈಯಲ್ಲಿ ಸಾಮಾನಿಲ್ಲದೆ ಮೆಟ್ಟಿಲು ಹತ್ತುವ ಹಾಗಿಲ್ಲ. ಬರಿಗೈಯಲ್ಲಿ ಕಂಡರೆ ಸೆಕ್ಯೂರಿಟಿಯವನು ಅಲ್ಲಿಂದಲೇ ತಿರುಗಿಸುತ್ತಾನೆ. ಎಣ್ಣೆಯಣ್ಣ ಯೋಚಿಸಿ ಐದು ಲೀಟರಿನ ಟೊಮೆಟೊ ಸಾಸಿನ ಕ್ಯಾನು ತಂದ. ಮೇಲಿನ ಅಂಗಡಿಯಲ್ಲಿ ಸಾಸು ಮುಗಿದಿದೆ ಎಂದು ಹೇಳುವುದು. ಮುಗಿದಿರಲಿಲ್ಲ. ಕಾಫಿಯತ್ತೆ ಮೇಲಕ್ಕೆ ಫೋನು ಮಾಡಿ, ಇದ್ದದ್ದನ್ನು ಬಚ್ಚಿಡಿಸಿದಳು.

ಪಂದ್ಯ ಮುಗಿಯಲು ಹದಿನೈದು ನಿಮಿಷ ಇದ್ದಾಗ, ಇನ್ನೂ ಸೊನ್ನೆ–ಸೊನ್ನೆ ಇದ್ದಾಗ, ಬನ್ನಕ್ಕ ಕ್ಯಾನನ್ನು ಕೂಸಿನ ಹಾಗೆ ಸೊಂಟಕ್ಕೇರಿಸಿಕೊಂಡು ಎಂಬತ್ತೆರಡು ಮೆಟ್ಟಿಲು ಹತ್ತಿದಳು.

ಬಾಗಿಲು ದಾಟಿದ್ದೇ ತಡ, ಹಸಿರು. ಇಷ್ಟು ಹಸಿರು ಇರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಯಾರೋ ಏಪ್ರನ್ನು ಹಿಡಿದೆಳೆದರು.

"ಅಕ್ಕಾ, ಸಾಸು."

ಅವಳು ಬಗ್ಗಿ ಹಾಕಿದಳು. ಹಿಂದಿನಿಂದ ಮೂವತ್ತು ಸಾವಿರ ಜನ "ಓ" ಅಂದರು. ತಿರುಗಿದಳು, ಚೆಂಡು ಎಲ್ಲೋ, ಆಟಗಾರರೆಲ್ಲ ತಲೆ ಮೇಲೆ ಕೈ ಹೊತ್ತು ನಿಂತಿದ್ದರು. ಇನ್ನೊಬ್ಬ ಆಲೂಗಡ್ಡೆಯ ಪೊಟ್ಟಣ ಚಾಚಿದ. ಹಾಕಿದಳು. ಮತ್ತೆ "ಓ." ಮತ್ತೆ ತಿರುಗಿದಳು, ಮತ್ತೆ ತಡ. ಏಪ್ರನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡರೆ ಪಾಸಿಲ್ಲದವಳೆಂದು ಹೊರಗೆ ಹಾಕುತ್ತಾರೆ. ತೊಟ್ಟುಕೊಂಡರೆ ಬೆಲ್ಲ ಕಂಡ ಇರುವೆಗಳಂತೆ ಜನ ಮುತ್ತುತ್ತಾರೆ. ಒಬ್ಬಾಕೆ ಕಾಫಿ ಕೇಳಿದಳು, ಇನ್ನೊಬ್ಬ ಶೌಚಾಲಯ ಎಲ್ಲಿ ಎಂದ, ಒಬ್ಬ ಮುದುಕ ಬನ್ನಿನಲ್ಲಿ ಬೆಣ್ಣೆ ಸಾಲದೆಂದು ಜಗಳಕ್ಕೇ ಬಂದ. ಆ ಬನ್ನಿಗೆ ಬೆಣ್ಣೆ ಸವರಿದ್ದು ತಾನೇ ಎಂದು ಅವಳು ಬಾಯಿ ಬಿಡಲಿಲ್ಲ.

ಏಳನೇ ಸಾಲಿಗೆ ಬರುವಷ್ಟರಲ್ಲಿ ಕ್ಯಾನು ಖಾಲಿ. ಅಲ್ಲೇ ನಿಂತಿದ್ದ ಸೆಕ್ಯೂರಿಟಿಯವನು ಅದನ್ನು ಬೆರಳಲ್ಲಿ ತಟ್ಟಿ ನೋಡಿ, ಸಾಮಾನು ಮುಗಿಯಿತಲ್ಲ, ಇಳಿಯಿರಿ ಎಂದ.

ಬನ್ನಕ್ಕ ಖಾಲಿ ಕ್ಯಾನನ್ನು ಕೆಳಗಿಟ್ಟಳು. ಯಾರ ಹತ್ತಿರವೂ ಏನನ್ನೂ ಕೇಳಿ ಅಭ್ಯಾಸವಿಲ್ಲದವಳು. "ಒಂದು ಗೋಲು ನೋಡ್ಬೇಕಿತ್ತಪ್ಪಾ" ಎಂದಳು, ಕಳೆದ ವಸ್ತುವನ್ನು ವಿಚಾರಿಸುವವಳ ಹಾಗೆ.

ಅವನು ಅವಳನ್ನೇ ನೋಡಿದ. ಮೈದಾನಕ್ಕೆ ಬೆನ್ನು ಹಾಕಿ ಜನರ ಕಡೆ ಮುಖ ಮಾಡಿ ನಿಲ್ಲುವುದು ಅವನ ಕೆಲಸ. "ಆರು ವರ್ಷ ಆಯ್ತು ಅಕ್ಕ, ನಾನೂ ನೋಡಿಲ್ಲ. ಇವರ ಹಲ್ಲು ಮಾತ್ರ ನೋಡಿದೀನಿ" ಎಂದು ಗ್ಯಾಲರಿಯ ಕಡೆ ಗಲ್ಲ ಎತ್ತಿದ. ಆಮೇಲೆ ಒಂದು ಹೆಜ್ಜೆ ಸರಿದು ಜಾಗ ಬಿಟ್ಟ. "ಎರಡೇ ನಿಮಿಷ. ಏನಾಗುತ್ತೆ ಅಂತ ನಂಗೂ ಹೇಳ್ತಾ ಇರಿ."

ಅವಳು ಕಂಬಿ ಹಿಡಿದು ನಿಂತು ಹೇಳತೊಡಗಿದಳು. ನೀಲಿ ಅಂಗಿಯವನು ಓಡ್ತಿದಾನೆ, ನಮ್ಮವನೇ. ಇನ್ನೊಬ್ಬನಿಗೆ ಕೊಟ್ಟ. ಅವನು ಮುಂದೆ ಒಬ್ಬನೇ ಇದಾನೆ. ಒದ್ದ.

ಚೆಂಡು ಹೋದದ್ದು ಕಾಣಲಿಲ್ಲ. ಬಲೆ ಕಂಡಿತು. ಒಗೆದ ಸೀರೆಯನ್ನು ಇಬ್ಬರು ಹಿಡಿದು ಕೊಡವಿದಾಗ ಅಲೆ ಏಳುತ್ತದಲ್ಲ, ಹಾಗೆ ಈ ತುದಿಯಿಂದ ಆ ತುದಿಗೆ ಉಬ್ಬಿ, ನಡುಗಿ, ನಿಧಾನ ಇಳಿಯಿತು. ಕ್ರೀಡಾಂಗಣ ಸಿಡಿಯಿತು. ಯಾರದೋ ಕಾಫಿ ಅವಳ ಬೆನ್ನ ಮೇಲೆ ಸುರಿಯಿತು, ಬಿಸಿ ಗೊತ್ತಾಗಲಿಲ್ಲ. "ಬಿತ್ತಪ್ಪಾ" ಎಂದು ಸೆಕ್ಯೂರಿಟಿಯವನ ತೋಳು ಹಿಡಿದು ಅಲ್ಲಾಡಿಸಿ, ಅವನು ಕೊಟ್ಟ ಎರಡು ನಿಮಿಷ ಮೀರದಂತೆ ಕ್ಯಾನು ಎತ್ತಿಕೊಂಡು ಓಡಿದಳು. ಎಂಬತ್ತೆರಡು ಮೆಟ್ಟಿಲು ಇಳಿದದ್ದು ಕಾಲಿಗೇ ತಿಳಿಯಲಿಲ್ಲ.

ಅಡುಗೆಮನೆಯಲ್ಲಿ ಎಲ್ಲರೂ ಕೆಲಸ ಬಿಟ್ಟು ನಿಂತಿದ್ದರು. ಅವಳು ಹೇಳಿದಳು. ಕಾಫಿಯತ್ತೆ ಇನ್ನೊಮ್ಮೆ ಹೇಳು ಅಂದಳು. ಎಣ್ಣೆಯಣ್ಣ ಬಲೆಯ ಭಾಗ ಮಾತ್ರ ಮತ್ತೆ ಹೇಳಿಸಿದ. ಪಾತ್ರೆ ತೊಳೆಯುವವಳಿಗೆ ನೀರಿನ ಸದ್ದಲ್ಲಿ ಕೇಳಿಸಲಿಲ್ಲವಂತೆ, ಅವಳಿಗಾಗಿ ನಾಲ್ಕನೇ ಸಲ. ಯಾವ ಮಾತಿಗೂ ಕೊಂಕು ತೆಗೆಯುವ ಆ ಜನ ಅವತ್ತು ಒಂದು ಕೊಂಕೂ ತೆಗೆಯಲಿಲ್ಲ. ಕಾಫಿಯತ್ತೆ ಅವಳ ಲೋಟಕ್ಕೆ ಕೇಳದೆಯೇ ಎರಡು ಚಮಚ ಸಕ್ಕರೆ ಜಾಸ್ತಿ ಹಾಕಿದಳು.

ಅಷ್ಟರಲ್ಲಿ ಸೂಪರ್‌ವೈಸರ್ ಒಳಗೆ ನುಗ್ಗಿದರು. ಆಟ ಸಮ ಆಗಿದೆ, ಇನ್ನೂ ಅರ್ಧ ಗಂಟೆ ಆಡಿಸುತ್ತಾರೆ, ಜನ ಹಸಿದು ಕೂತಿದ್ದಾರೆ, ತಕ್ಷಣ ಮುನ್ನೂರು ಬನ್ನು ಬೇಕು.

"ಸಮ ಹೇಗೆ ಸಾರ್? ನಾವು ಒಂದು ಹೊಡೆದ್ವಲ್ಲ" ಎಂದಳು ಬನ್ನಕ್ಕ.

"ಅದಾ? ಹೊಡೆದವನು ಆಫ್‌ಸೈಡಲ್ಲಿ ನಿಂತಿದ್ದ. ರೆಫರಿ ಆಗಲೇ ರದ್ದು ಮಾಡಿದ್ರು. ಬೇಗ ಬೇಗ." ಬಂದಷ್ಟೇ ರಭಸದಲ್ಲಿ ಹೊರಟುಹೋದರು.

ಕಾಫಿಯತ್ತೆಯ ಫೋನು ಡ್ರಮ್ಮಿನ ಪಕ್ಕ ಬೋರಲಾಗಿ ಬಿದ್ದಿತ್ತು. ಬನ್ನಕ್ಕ ಅದನ್ನೂ, ಆಮೇಲೆ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ನಿಮಗೆ ಗೊತ್ತಿತ್ತಾ?"

"ನೀನು ಅರ್ಧ ಮೆಟ್ಟಿಲು ಇಳಿಯೋಕೆ ಮುಂಚೇನೇ ಮೇಲಿಂದ ಫೋನು ಬಂತು" ಎಂದಳು ಕಾಫಿಯತ್ತೆ, ಲೋಟ ಒರೆಸುತ್ತಾ.

"ಮತ್ತೆ ನಾಲ್ಕು ಸಲ ಯಾಕೆ ಹೇಳಿಸಿದ್ರಿ?"

ಎಣ್ಣೆಯಣ್ಣ ಬಾಣಲೆಯೊಳಗೆ ನೋಡುತ್ತಾ, "ನಾವ್ಯಾರೂ ನೋಡಿಲ್ವಲ್ಲಕ್ಕ" ಎಂದ.

ಅವಳು ಚಾಕು ಎತ್ತಿಕೊಂಡಳು. ಸಾಲಾಗಿ ಕತ್ತರಿಸತೊಡಗಿದಳು. ನೂರನೇ ಬನ್ನು ದಾಟಿದ ಮೇಲೆ ಎಣ್ಣೆಯಣ್ಣ ಮೆಲ್ಲಗೆ ಪಕ್ಕಕ್ಕೆ ಬಂದು, ಆ ಬಲೆ ಎಡದಿಂದ ಅಲ್ಲಾಡಿತಾ ಬಲದಿಂದಲಾ ಎಂದು ಕೇಳಿದ. ಅವಳು ಚಾಕು ಕೆಳಗಿಟ್ಟು ಎರಡೂ ಕೈ ಅಗಲಿಸಿ ತೋರಿಸಿದಳು. ಆ ಹೊತ್ತಿಗೇ ಮೇಲೆ ನಮ್ಮವರು ನಿಜವಾದ ಗೋಲು ಹೊಡೆದರು. ಅಡುಗೆಮನೆಯಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಎಲ್ಲರೂ ಬನ್ನಕ್ಕನ ಕೈಗಳನ್ನೇ ನೋಡುತ್ತಿದ್ದರು.