ನಮ್ಮ ತಾರಸಿಯ ಮೇಲೆ ನಿಲ್ಲದೆ ಹೋಗುವ ಹೆಲಿಕಾಪ್ಟರಿಗೆ

ಮಾನ್ಯ ಹೆಲಿಕಾಪ್ಟರ್ ಅವರೇ,

ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯ ಕಡೆಯಿಂದ ಹೊರಟು ಗುಬ್ಬಿಯ ಆಕಾಶವನ್ನು ಆಗಾಗ ಪಾವನಗೊಳಿಸುವ ತಮಗೆ, ಕೆಳಗಿನ ತಾರಸಿಯಿಂದ ಕತ್ತೆತ್ತಿ ಮಾಡುವ ನಮಸ್ಕಾರಗಳು. ತಮ್ಮ ಸದ್ದಿನ ಬಗ್ಗೆ ನನ್ನ ತಕರಾರಿಲ್ಲ. ಬಂದಷ್ಟೇ ಬೇಗ ಹೊರಟುಹೋಗುತ್ತೀರಲ್ಲ, ತಕರಾರು ಅದರ ಮೇಲೆ.

ನನ್ನ ಮೊಮ್ಮಗಳು ಪಲ್ಲವಿಗೆ ದೂರದ್ದು ಕಾಣುವುದಿಲ್ಲವೆಂದು ಮೊದಲು ಪತ್ತೆ ಹಚ್ಚಿದವರು ತಾವೇ. ಬೀದಿಯ ಮಕ್ಕಳೆಲ್ಲ ತಮ್ಮತ್ತ ಕೈಬೀಸುತ್ತಿದ್ದಾಗ ಅವಳೊಬ್ಬಳು "ಎಲ್ಲೈತೆ ತಾತ?" ಎನ್ನುತ್ತ ಬರೀ ಮೋಡಕ್ಕೆ ಟಾಟಾ ಮಾಡುತ್ತಿದ್ದಳು. ಕನ್ನಡಕ ಬಂತು, ವರ್ಷ ತುಂಬುವುದರೊಳಗೆ ಅದರ ನಂಬರೂ ಏರಿತು. ತುಮಕೂರಿನ ಕಣ್ಣಿನ ಡಾಕ್ಟರಮ್ಮ ಡ್ರಾಪ್ಸ್ ಬರೆದುಕೊಟ್ಟು, ಹೀಗೇ ಏರುತ್ತ ಹೋದರೆ ಮುಂದೆ ಕಣ್ಣಿನ ಪರದೆಗೇ ಅಪಾಯ ಬರಬಹುದು, ದಿನಕ್ಕೆರಡು ಗಂಟೆ ಹಗಲು ಬೆಳಕಿನಲ್ಲಿ ಹೊರಗೆ ಆಡಲು ಬಿಡಿ ಎಂದರು. ಅಂದು ನನಗೆ ಊಟ ಸೇರಲಿಲ್ಲ.

ಸೊಸೆ ಸುಧಾ ಡಾಕ್ಟರ ಮಾತಿನಲ್ಲಿ 'ಹೊರಗೆ' ಎಂಬಷ್ಟನ್ನು ಶ್ರದ್ಧೆಯಿಂದ ಪಾಲಿಸಿ, ಟ್ಯೂಷನ್ನನ್ನೇ ತಾರಸಿಗೆ ಸಾಗಿಸಿದಳು. ಚಾಪೆ, ಬೋರ್ಡು, ಗಣಿತದ ಮೇಷ್ಟ್ರು ಚನ್ನೇಶ್, ಎಲ್ಲವೂ ಮೇಲೆ. ನನ್ನ ಹೆಂಡತಿ ಭದ್ರಮ್ಮ "ಬಿಸ್ಲಿಗೆ ಮಗು ಕಪ್ಪಾಯ್ತದೆ ಕಣೇ" ಎಂದು ಅದಕ್ಕೊಂದು ಟಾರ್ಪಾಲನ್ನೂ ಕಟ್ಟಿಸಿದಳು. ಈಗ ಬೆಳಕೂ ಇಲ್ಲ, ಆಟವೂ ಇಲ್ಲ, ಮೂಗು ಮಾತ್ರ ಪುಸ್ತಕದೊಳಗೆ. ಕೇಳಿದರೆ, "ಹೊರ್ಗೇ ಕೂರ್ಸಿದೀನಲ್ಲ ಮಾವ, ಇನ್ನೇನ್ ಮಾಡ್ಲಿ?" ಎನ್ನುತ್ತಾಳೆ. ತಾವು ಬಂದಾಗ ಮಾತ್ರ ಮಗು ಟಾರ್ಪಾಲಿನಡಿಯಿಂದ ಜಿಗಿದು ದೂರಕ್ಕೆ ಕಣ್ಣು ಹಾಯಿಸುತ್ತದೆ.

ಆದ್ದರಿಂದ ತಾವು ದಯಮಾಡಿ ದಿನವೂ ಟ್ಯೂಷನ್ ಹೊತ್ತಿಗೆ ಬಂದು, ಕತ್ತಲಾಗುವವರೆಗೂ ನಮ್ಮ ಮನೆಯ ಮೇಲೆಯೇ ನಿಂತಿರಬೇಕು. ತಮ್ಮ ಗಾಳಿಗೆ ಟಾರ್ಪಾಲು ಹಾರಿಹೋಗಿ ಮಾರ್ಕೋನಹಳ್ಳಿ ಡ್ಯಾಮಿಗೆ ಬಿದ್ದರೆ ಸಂತೋಷ, ಗಣಿತದ ಗೈಡುಗಳೂ ಹಿಂಬಾಲಿಸಿದರೆ ಪರಮ ಸಂತೋಷ. ಭಾನುವಾರ ತಮಗೆ ರಜೆ ಕೊಡಬಹುದಿತ್ತು. ಆದರೆ ಅಂದು ಸ್ಪೆಷಲ್ ಕ್ಲಾಸಿದೆ. ಮಗುವಿನ ಕಣ್ಣಿನ ಚಿಂತೆಯಲ್ಲಿ ಬರೆದಿದ್ದೇನೆ, ಮಾತು ಹೆಚ್ಚಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ತಮ್ಮ ವಿಶ್ವಾಸಿ, ಕತ್ತು ನೋಯುತ್ತಿರುವ
ರಾಮಾಂಜಿನಯ್ಯ, ಗುಬ್ಬಿ

ಮರೆತ ಮಾತು: ತಾವು ಬಾರದಿದ್ದರೂ ಈಗ ನಡೆಯುತ್ತದೆ. ನಿನ್ನೆ ಪಲ್ಲವಿ "ತಾತ, ಬಂತು!" ಎಂದು ಕಿರುಚಿದಳು. ಮೇಷ್ಟ್ರು, ಸುಧಾ, ಭದ್ರಮ್ಮ ಮೂವರೂ ಕತ್ತೆತ್ತಿ ಹುಡುಕುವಷ್ಟರಲ್ಲಿ ಅವಳು ಮೆಟ್ಟಿಲಿಳಿದು ಬಯಲಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಆಕಾಶದಲ್ಲಿ ಒಂದು ಕಾಗೆಯೂ ಇರಲಿಲ್ಲ. ನಾನು ಮಾತ್ರ, "ಅಗೋ, ತೆಂಗಿನಮರದ ಹಿಂದಕ್ಕೋಯ್ತು, ಸರ್ಯಾಗಿ ನೋಡ್ರಿ" ಎಂದೆ.