ಮಾವನ ಕೋಟಿಗೆ ಕುದುರೆ ಬಾಲ

ನನ್ನ ಸೋದರಮಾವ ಹುಟ್ಟಬೇಕಾದದ್ದು ಹದಿನೆಂಟನೇ ಶತಮಾನದಲ್ಲಿ. ವೀಸಾ ತಡವಾಗಿ ಇಪ್ಪತ್ತನೆಯದಕ್ಕೆ ಬಂದರು! ಈ ಕತೆಗೆ ಆಧಾರ ನನ್ನ ನೆನಪು. ಅದನ್ನು ಪೂರ್ತಿ ನಂಬಬೇಡಿ. ಅಬುಧಾಬಿಯ ಹಳೇ ಉಡುಪುಗಳ ಪ್ರದರ್ಶನದಲ್ಲಿ ನಾವಿಬ್ಬರೂ ಕಂಡ ಕೋಟು ತಿಳಿಹಸಿರೋ ನೀಲಿಯೋ, ಈಗಲೂ ಅನುಮಾನ. ಡೈರಿಯಲ್ಲಿ ‘ಮಾವ, ಕೋಟು, ಮರ್ಯಾದೆ ಹೋಯಿತು’ ಎಂದಷ್ಟೇ ಇದೆ.

ಮಾವ ಕರಾಮ ಬಡಾವಣೆಯಲ್ಲಿ ಟೈಲರ್. ಮೂವತ್ತು ವರ್ಷ ಕಾವಲುಗಾರರ ಯೂನಿಫಾರ್ಮ್, ಅರಬರ ಉದ್ದ ನಿಲುವಂಗಿ ಕಂದೂರ ಹೊಲಿದವರು. ಅಂದು ಗಾಜಿನೊಳಗೆ ಹದಿನೆಂಟನೇ ಶತಮಾನದ ಯಾವುದೋ ಫ್ರೆಂಚ್ ಶ್ರೀಮಂತನ ರೇಷ್ಮೆ ಕೋಟು, ಪಕ್ಕದಲ್ಲಿ ಅದರೊಳಗೆ ತೊಡುವ ವೇಸ್ಟ್‌ಕೋಟು. ಎಲ್ಲರೂ ಎದುರು ನಿಂತು ಕಸೂತಿ ಹೂ ನೋಡುತ್ತಿದ್ದರೆ, ಮಾವ ನೆಲಕ್ಕೆ ಮಂಡಿಯೂರಿ ವೇಸ್ಟ್‌ಕೋಟಿನ ಹಿಂಬದಿಗೆ ಇಣುಕಿದರು.

“ನೋಡು ಮಾರಾಯ್ತಿ! ಮುಂದೆ ರೇಷ್ಮೆ, ಬೆನ್ನಿಗೆ ಬರೀ ನೂಲಿನ ಬಟ್ಟೆ! ಮೇಲಿಂದ ಕೋಟು ಬರ್ತದಲ್ಲ, ಯಾರಿಗೆ ಕಾಣ್ತದೆ? ಟೈಲರ್ ಅಂದ್ರೆ ಇವ!”

ಗಾರ್ಡ್ ಓಡಿ ಬಂದ. “ಉಠೋ ಅಂಕಲ್, ಉಠೋ!”

ಮಾವ ಎದ್ದು, ಅವನ ಕಾಲರ್ ತಿರುಗಿಸಿ ನೋಡಿ, ನನ್ನ ಕಡೆ ಹೆಮ್ಮೆಯಿಂದ ತಿರುಗಿದರು. “ಇದು ನಾನೇ ಹೊಲಿದದ್ದು!”

ವಾಪಸು ಬರುವಾಗ ಬಸ್ಸಿನಲ್ಲಿ ಘೋಷಣೆಯಾಯಿತು: “ನನ್ನ ವೀಸಾ ಮುಗೀಲಿಕ್ಕೆ ಎರಡು ವರ್ಷ ಉಂಟು. ಅಂಥದ್ದೊಂದು ಹೊಲಿದೇ ಊರಿಗೆ ಹೋಗೂದು.”

“ಯಾರಿಗೆ ಮಾವ?”

“ಯಾರಿಗೂ ಅಲ್ಲ. ‘ಯಾವಾಗ ಕೊಡ್ತೀರಿ’ ಅಂತ ಯಾರೂ ಕೇಳದ ಒಂದು ಬಟ್ಟೆ ಹೊಲೀಬೇಕು ನಂಗೆ.”

ಆ ಕೋಟಿನ ಸೊಂಟದ ನೆರಿಗೆಗಳು ಬಿರಿದು ನಿಲ್ಲಲು ಒಳಗೆ ಕುದುರೆ ಕೂದಲಿನ ಪದರ ಕೊಡುತ್ತಿದ್ದರಂತೆ. ಮಾವ ಏನು ಮಾಡಿದರು ಗೊತ್ತೇ? ಕಂದೂರ ಹೊಲಿಸಲು ಬಂದ, ಕುದುರೆ ಸಾಕಿದ್ದ ಅರಬ್ ಗಿರಾಕಿಯ ಅಳತೆ ತೆಗೆಯುತ್ತಾ, ಅವನ ಕುದುರೆಯ ಬಾಲ ಸ್ವಲ್ಪ ಬೇಕೆಂದು ಕೇಳಿದರು! ಪುಣ್ಯಾತ್ಮ ಹೊಟ್ಟೆ ಹಿಡಿದು ನಕ್ಕ, “ಮಾಫಿ ಮುಶ್ಕಿಲ್”, ತೊಂದರೆಯೇ ಇಲ್ಲ ಎಂದ, ಮರುವಾರ ಚೀಲ ತುಂಬ ತಂದ.

“ಇನ್ನು ಕುದುರೆಗೂ ಅಳತೆ ತೆಗೀಲಿಕ್ಕೆ ಹೋಗ್ಬೇಡಿ” ಎಂದರು ಅತ್ತೆ.

ಕತ್ತರಿಸಿ ಹೊಲಿದ ಮೇಲೆ ಕಸೂತಿ ಎಂದು ನಾನು ತಿಳಿದಿದ್ದೆ. ತಲೆಕೆಳಗು! ಅಖಂಡ ರೇಷ್ಮೆಯ ಮೇಲೆ ಕೋಟಿನ ಭಾಗಗಳನ್ನೆಲ್ಲ ಗೆರೆ ಎಳೆದು, ಅಂಚಿಗೆ, ಜೇಬಿಗೆ, ತೋಳಿನ ತುದಿಗೆ ಮೊದಲೇ ಹೂ ತುಂಬಬೇಕು. ಕತ್ತರಿ ಕೊನೆಗೆ. ಮಾವ ಹಾಲ್ ತುಂಬ ಮರದ ಚೌಕಟ್ಟು ಕಟ್ಟಿ ರೇಷ್ಮೆ ಬಿಗಿದರು. ಎರಡು ವರ್ಷದ ರಜೆಯ ಶುಕ್ರವಾರಗಳೆಲ್ಲ ಅದಕ್ಕೇ. ಅತ್ತೆ ಅದರ ಕೆಳಗೆ ಬಗ್ಗಿ ಅಡುಗೆಮನೆಗೆ ಹೋಗಬೇಕು!

“ಮೂಲೇಲಿ ಇದೆಂಥ ಇವ್ರೇ, ಚಿಕ್ಕಚಿಕ್ಕ ದೋಸೆಗಳು?”

“ಗುಂಡಿಗಳು! ಮರದ ಬಿಲ್ಲೆಗೆ ಸುತ್ತಲಿಕ್ಕೆ.”

“ಗುಂಡಿಗೂ ಹೂವಾ! ನನ್ನ ರವಿಕೆಗೆ ಒಂದು ಹುಕ್ಕು ಹಾಕ್ಲಿಕ್ಕೆ ನಿಮ್ಗೆ ಪುರುಸೊತ್ತಿಲ್ಲ.”

ಅತ್ತೆ ಬೈದರೂ ಒಗ್ಗರಣೆ ಹಾಕುವ ಮೊದಲು ರೇಷ್ಮೆಗೆ ಬೆಡ್‌ಶೀಟ್ ಮುಚ್ಚುತ್ತಿದ್ದರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ವಿಷಯದಲ್ಲಿ ನನ್ನ ನೆನಪಿನ ಮೇಲೆ ನನಗೆ ಅನುಮಾನವಿಲ್ಲ.

ಊರಿಗೆ ಹೊರಡಲು ಐದು ದಿನವಿದ್ದಾಗ ಕೊನೆಯ ಹೂ ಮುಗಿಯಿತು. ಚೌಕಟ್ಟು ಬಿಚ್ಚಿ ನೆಲದ ಮೇಲೆ ಹಾಸಿದರು. ಬೆನ್ನು, ತೋಳು, ಕಾಲರು, ಬಿಡಿಬಿಡಿಯಾಗಿ ಒಂದು ಇಡೀ ಕೋಟು ರೇಷ್ಮೆಯೊಳಗೆ ಮಲಗಿತ್ತು. ನಾನು ಚಪ್ಪಲಿಯಿಲ್ಲದ ಕಾಲನ್ನೂ ಹಿಂದಕ್ಕೆಳೆದುಕೊಂಡೆ. ಫೋನಿನಲ್ಲಿ ಮಾತಾಡುತ್ತಲೇ ಸಾವಿರ ಷರಟು ಕತ್ತರಿಸಿದ ಮನುಷ್ಯ ಕತ್ತರಿ ಹಿಡಿದು ಕೂತರು. ಕೂತೇ ಇದ್ದರು. ಕತ್ತರಿಯ ಬಾಯಿ ತೆರೆದು ಮತ್ತೆ ಮುಚ್ಚಿದರು.

“ಧೈರ್ಯ ಬರೂದಿಲ್ಲ ಮಗಾ” ಎಂದರು.

ನಾನು ಮೆಲ್ಲನೆ ಕತ್ತರಿ ತೆಗೆದು ಪಕ್ಕಕ್ಕಿಟ್ಟು ಕೇಳಿದೆ: “ಕತ್ತರಿಸದಿದ್ರೆ ಇದು ಕೋಟಲ್ವಾ, ಮಾವ?”

ಮಾವ ರೇಷ್ಮೆಯನ್ನು ಕತ್ತರಿಸದೆ ಹಾಗೇ ಸುತ್ತಿ ಊರಿಗೆ ಒಯ್ದರು; ಅಲ್ಲಿಂದ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ‘ಯಾವಾಗ ಕತ್ತರಿಸ್ತೀರಿ’ ಅಂತ ನಾನೂ ಕೇಳುವುದಿಲ್ಲ.