ತಾಳ್ಯದಲ್ಲೊಂದು ದೀಪ ಹಚ್ಚಲು ಹೋಗಿ

ಹೆಂಡತಿ ಹತ್ತಿರವಿಲ್ಲದ ಗಂಡಸಿಗೆ ಸುಮ್ಮನೆ ಕೂರಲಾಗದು. ಏನನ್ನಾದರೂ ಬಿಚ್ಚಿ ಜೋಡಿಸಲು ಹೊರಡುತ್ತಾನೆ. ನಾನು ಹಿರಿಯೂರಿನ ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರಿನ ಸಿ ಭಾಷೆ ಕಲಿಸುವವನು. ನನ್ನಾಕೆ ಶೈಲಜಾ ತಾಳ್ಯದ ಆಸ್ಪತ್ರೆಯಲ್ಲಿ ನರ್ಸ್; ಅಲ್ಲೇ ಬಾಡಿಗೆ ಕೋಣೆ ಹಿಡಿದಿದ್ದಾಳೆ. ಭಾನುವಾರ ಬಿಟ್ಟರೆ ನಮ್ಮ ಸಂಸಾರವೆಲ್ಲ ಫೋನಿನಲ್ಲಿ, ಫೋನಿನಲ್ಲಿ ನನಗೆ ಮಾತೇ ಹೊರಡದು. ಬೆಳಗಿನ ಟೀಯಂತೂ ಒಬ್ಬನಿಗೇ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅದಕ್ಕೇ ಅವಳ ಕಿಟಕಿಯಲ್ಲಿ ಅಂಗೈಯಗಲದ ಕಂಪ್ಯೂಟರ್ ಇಟ್ಟು, ಪುಟ್ಟ ದೀಪ ಜೋಡಿಸಿ ಬಂದೆ. ನಾನಿಲ್ಲಿ ಟೀ ಲೋಟ ಎತ್ತಿದಾಗ ಅಲ್ಲಿ ದೀಪ ಹತ್ತಬೇಕು. ಆ ಕಂಪ್ಯೂಟರ್ ನಡೆಸುವ ಲಿನಕ್ಸ್‌ನಲ್ಲಿ ಇದಕ್ಕೊಂದು ಫೈಲ್ ಇರುತ್ತದೆ. ನಾವು ಮಾಡಿಟ್ಟದ್ದಲ್ಲ, ಯಂತ್ರ ಶುರುವಾದಾಗ ಅದರ ತಿರುಳಾದ ಕರ್ನೆಲ್ ತಾನೇ ಹುಟ್ಟಿಸುವಂಥದ್ದು. ಡಿಸ್ಕನ್ನೆಲ್ಲ ಜಾಲಾಡಿದರೂ ಅಲ್ಲಿರುವುದಿಲ್ಲ. ಆದರೂ ಅದರಲ್ಲಿ ಒಂದು ಎಂದು ಬರೆದರೆ ದೀಪ ಹತ್ತುತ್ತದೆ, ಸೊನ್ನೆ ಬರೆದರೆ ಆರುತ್ತದೆ. ಕೀಬೋರ್ಡಿನ ಕೀಲಿ ಒತ್ತಿದರೆ ಆ ಫೈಲಿನಲ್ಲಿ ಒಂದು ಎಂದು ಬರೆಯುವ ಸಿ ಪ್ರೋಗ್ರಾಂ ಬರೆದೆ. ನಿನಗೆ ಅನುಮತಿಯಿಲ್ಲ ಎಂದು ಕರ್ನೆಲ್ ಗದರಿತು, ಅನುಮತಿ ಕೊಡಿಸಿಕೊಂಡೆ. ಸೋಮವಾರ ಬೆಳಿಗ್ಗೆ ಇಲ್ಲಿಂದಲೇ ಇಂಟರ್ನೆಟ್ ಮೂಲಕ ಅದನ್ನು ಓಡಿಸಿ, ಕೀಲಿ ಒತ್ತಿ, ಹೊಸ ಮದುಮಗನಂತೆ ಫೋನ್ ಮಾಡಿದೆ.

"ಹತ್ತಿತಾ?"

"ಇಲ್ರೀ. ಹಂಗೇ ಕುಂತೈತೆ."

"ಬರೆದಿದೀನಲ್ಲೇ! ಒಂದು ತಪ್ಪೂ ತೋರಿಸ್ತಿಲ್ಲ."

"ನಂಗೆ ಡ್ಯೂಟಿಗೆ ಹೊತ್ತಾತು," ಎಂದು ಫೋನ್ ಇಟ್ಟಳು.

ಪ್ರೋಗ್ರಾಂ ನಿಲ್ಲಿಸದೆ ದಿನಾ ಬೆಳಿಗ್ಗೆ ಕೀಲಿ ಒತ್ತಿದೆ. ದಿನಾ ಅದೇ ಉತ್ತರ. ಅವಳು ಕಿಟಕಿಯ ಕಡೆ ನೋಡುತ್ತಲೇ ಇಲ್ಲವೇನೋ ಎಂದು ಒಳಗೊಳಗೇ ಮುನಿಸು ಬಂತು. ಶುಕ್ರವಾರ ಸಂಜೆ ಬೇಸತ್ತು ಪ್ರೋಗ್ರಾಂ ಮುಚ್ಚಿಬಿಟ್ಟೆ. ಸ್ವಲ್ಪ ಹೊತ್ತಿಗೆ ಆಸ್ಪತ್ರೆಯಿಂದ ಅವಳ ಫೋನ್.

"ರೀ, ಮನೆ ಓನರ್ ಗಂಗಮ್ಮಜ್ಜಿ ಇಲ್ಲಿಗೇ ಓಡಿ ಬಂದೈತೆ. ಬೀಗ ಹಾಕಿರೋ ಕೋಣೆಯಾಗೆ ದೀಪ ಉರೀತೈತೆ, ಒಳಗ್ಯಾರೈದಾರವ್ವ ಅಂತ ಕೇಳ್ತೈತೆ!"

ಆಗ ಹೊಳೆಯಿತು. ನಾನು ಬರೆದದ್ದನ್ನೆಲ್ಲ ಪ್ರೋಗ್ರಾಂ ಫೈಲಿಗೆ ದಾಟಿಸದೆ ಬಫರ್ ಎಂಬ ತನ್ನ ತಾತ್ಕಾಲಿಕ ಜೋಳಿಗೆಯಲ್ಲಿ ಕೂಡಿಟ್ಟುಕೊಂಡು, ಮುಚ್ಚಿದ ಮೇಲೆ ಒಮ್ಮೆಗೇ ಸುರಿದಿತ್ತು. ಪ್ರತಿವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸುವ ಪಾಠ! ಬರೆದ ಕೂಡಲೇ ದಾಟಿಸು ಎಂಬ ಒಂದು ಸಾಲು ಸೇರಿಸಿದೆ.

ಶನಿವಾರ ಬೆಳಿಗ್ಗೆ ಲೋಟ ಎತ್ತಿ ಕೀಲಿ ಒತ್ತಿದೆ. ಅವಳೇ ಫೋನ್ ಮಾಡಿದಳು. "ಹತ್ತೈತ್ರೀ!" ದನಿಯಲ್ಲಿ ನಗುವಿತ್ತು. ನಾನು ಉತ್ಸಾಹದಿಂದ ಬಫರ್ ಎಂದರೇನು ಎಂದು ವಿವರಿಸತೊಡಗಿದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು.

"ಅದೆಲ್ಲ ಇರ್ಲಿ. ನಾನಿಲ್ದೆ ಬೇಜಾರಾಗೈತೆ ಅಂತ ಹೇಳಾಕೆ ಇಷ್ಟೆಲ್ಲ ಮಾಡಿದ್ರಾ?"

ಹೌದು ಎನ್ನಬೇಕಿತ್ತು, ಅಷ್ಟೆ. ಬೆಳ್ಳಂಬೆಳಿಗ್ಗೆ, ಕೈಯಲ್ಲಿ ಟೀ ಹಿಡಿದುಕೊಂಡು, "ಊಟ ಆಯ್ತಾ?" ಎಂದು ಕೇಳಿಬಿಟ್ಟೆ.